ಒಬ್ಬರೇ ಕುಳಿತು ಮಾಡುವ ಕೆಲಸ ಕೈಕೊಟ್ಟ ದಿನ ಯಾರಿಗೆ ಹೇಳಿಕೊಳ್ಳುತ್ತೀರಿ?

ಒಂಟಿ ಉಳಿ

ಹನ್ನೊಂದು ವರ್ಷಗಳಿಂದ ಮರದ ಕೆಲಸವನ್ನು ಒಬ್ಬನೇ ಮಾಡಿಕೊಂಡು ಬಂದಿದ್ದೇನೆ. ಸಹಾಯಕರಿಲ್ಲ, ಪಾಲುದಾರರಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಸಂಜೆ ಮುಚ್ಚುವವರೆಗೆ ಗರಗಸ ಮತ್ತು ಉಜ್ಜುಗೊರಡಿನ ಸದ್ದಲ್ಲದೆ ಬೇರೇನೂ ಕಿವಿಗೆ ಬೀಳುವುದಿಲ್ಲ. ಇದು ನಾನೇ ಬಯಸಿ ಆರಿಸಿಕೊಂಡ ಬದುಕು, ಆ ಬಗ್ಗೆ ನನಗೆ ದೂರಿಲ್ಲ.

ನಾಲ್ಕು ತಿಂಗಳು ಕುಳಿತು ಒಂದು ಓದುವ ಮೇಜನ್ನು ಮಾಡಿದ್ದೆ. ಒಪ್ಪಿಸಲು ಒಂದು ವಾರ ಉಳಿದಿರುವಾಗ, ಕೊನೆಯ ಬಾರಿ ಪಾಲಿಶ್ ಕೊಡಲೆಂದು ಮೇಲ್ಹಲಗೆಯ ಮೇಲೆ ಬಟ್ಟೆ ಎಳೆದಾಗ ನೂಲಿನ ಎಳೆಯೊಂದು ಸಿಕ್ಕಿಕೊಂಡಿತು. ಉಗುರಿನಿಂದ ತಡವಿ ನೋಡಿದೆ. ಹಲಗೆಯ ತುದಿಯಿಂದ ಸುಮಾರು ಒಂದು ಗೇಣು ಒಳಕ್ಕೆ, ಕೂದಲಿನಷ್ಟು ಸಣ್ಣ ಬಿರುಕು. ಮರುದಿನ ಬೆಳಿಗ್ಗೆ ಅದು ಎರಡು ಗೇಣಾಗಿತ್ತು, ಕೆಳಗಿನಿಂದ ದೀಪ ಹಿಡಿದರೆ ಬೆಳಕು ತೂರಿ ಬರುತ್ತಿತ್ತು. ಬಟ್ಟೆಯನ್ನು ಅಲ್ಲೇ ಬಿಟ್ಟು ಬಾಗಿಲು ಹಾಕಿಕೊಂಡು ಬಂದವನು ಒಂಬತ್ತು ದಿನವಾದರೂ ಆ ಕಡೆ ತಲೆಹಾಕಿಲ್ಲ.

ಮನೆಯಲ್ಲಿ ಹೇಳಿದೆ. ‘ಇನ್ನೊಂದು ಹಲಗೆ ಹಾಕಿದರಾಯಿತು, ಅದಕ್ಕೇಕೆ ಇಷ್ಟು ಕೊರಗುತ್ತೀರಿ’ ಎಂದರು. ಆ ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೂ ಅದನ್ನು ಕೇಳಿದ ಮೇಲೆ ನಾನು ಇನ್ನಷ್ಟು ಒಂಟಿಯಾದೆ, ಹೇಳದೆ ಇದ್ದಿದ್ದರೇ ವಾಸಿಯಿತ್ತೇನೋ ಅನ್ನಿಸಿತು. ಒಬ್ಬರೇ ಕೆಲಸ ಮಾಡುವ ತಾವೆಲ್ಲ ಇಂಥ ದಿನಗಳನ್ನು ಹೇಗೆ ದಾಟುತ್ತೀರಿ ಎಂಬುದನ್ನು ತಿಳಿಯುವ ಆಸೆಯಿಂದ ಬರೆಯುತ್ತಿದ್ದೇನೆ.

ಹಸಿಮಣ್ಣು

ಒಂಬತ್ತು ದಿನ ಎಂದಿರಿ. ನನ್ನದು ಕುಂಬಾರಿಕೆ, ನಾನು ಒಮ್ಮೆ ಎರಡು ತಿಂಗಳು ತಿಗರಿಯನ್ನು ಮುಟ್ಟಿರಲಿಲ್ಲ. ಮಧ್ಯಾಹ್ನ ಬಿಡುವಾದ ಮೇಲೆ ಆ ಕಥೆಯನ್ನು ವಿವರವಾಗಿ ಬರೆಯುತ್ತೇನೆ. ಸದ್ಯಕ್ಕೆ ತಮಗೆ ಆಗಿರುವುದು ನನಗೂ ಆಗಿದೆ ಎಂದಷ್ಟೇ ತಿಳಿಸಬೇಕೆನಿಸಿತು.

ನೇರ ಮಾತು

ಒಂಟಿತನ ಈ ಕೆಲಸಕ್ಕೆ ತೆರಬೇಕಾದ ಬೆಲೆ, ಅದನ್ನು ಒಪ್ಪಿಕೊಂಡೇ ನಾವು ಇದಕ್ಕೆ ಇಳಿದಿದ್ದೇವೆ. ಜನರ ನಡುವೆ ಇದ್ದರೆ ಕೈ ಪಳಗುವುದಿಲ್ಲ ಎಂಬುದು ನನ್ನ ಅನುಭವ. 16ನೆಯ ಶತಮಾನದ ಫ್ರಾನ್ಸಿನ ಕುಂಬಾರ ಬರ್ನಾರ್ ಪಲಿಸ್ಸಿ ಬಿಳಿಯ ಮೆರುಗಿನ ಗುಟ್ಟನ್ನು ಹುಡುಕುತ್ತ ವರ್ಷಗಟ್ಟಲೆ ಸೋತ. ಸೌದೆ ಮುಗಿದಾಗ ಮನೆಯ ಮೇಜುಗಳನ್ನು, ನೆಲಕ್ಕೆ ಹಾಸಿದ ಹಲಗೆಗಳನ್ನು ಕಿತ್ತು ಆವಿಗೆಗೆ ಹಾಕಿದ. ಕೊನೆಗೆ ಗೆದ್ದ. ಒಂದು ಹಲಗೆ ಬಿರುಕು ಬಿಟ್ಟಿತೆಂದು ಒಂಬತ್ತು ದಿನ ಬಾಗಿಲು ಹಾಕುವುದು ಸರಿಯಲ್ಲ. ಕಠಿಣವಾಗಿ ಹೇಳುತ್ತಿದ್ದೇನೆ, ತಮ್ಮ ಒಳಿತಿಗೆ ಹೇಳುತ್ತಿದ್ದೇನೆ.

ಹಸಿಮಣ್ಣು

‘ನೇರ ಮಾತು’ ಅವರೇ, ಪಲಿಸ್ಸಿಯ ಕಥೆಯಲ್ಲಿ ತಾವು ಬಿಟ್ಟ ಭಾಗವನ್ನು ನಾನು ಹೇಳಬೇಕಾಗಿದೆ. ನೆಲದ ಹಲಗೆಗಳನ್ನು ಸುಡುತ್ತಿದ್ದಾನೆಂದು, ತನಗೆ ನೆರವಾಗಬೇಕಾದವರೇ ಊರೆಲ್ಲ ಸಾರಿಕೊಂಡು ಬಂದರು ಎಂದು ಆತನೇ ನೋವಿನಿಂದ ಬರೆದುಕೊಂಡಿದ್ದಾನೆ. ಮಣ್ಣಿನ ಗುಣ ತಿಳಿಯದೆ ಕತ್ತಲಲ್ಲಿ ತಡವರಿಸುವವನಂತೆ ಆರಂಭಿಸಿದೆ ಎಂದೂ ಹೇಳಿಕೊಂಡಿದ್ದಾನೆ. ಅಷ್ಟು ವರ್ಷಗಳಲ್ಲಿ ಎಷ್ಟನ್ನು ಆ ಕತ್ತಲೆಯೇ ನುಂಗಿತು ಎಂದು ನಾನು ಯೋಚಿಸುತ್ತೇನೆ. ಗೆದ್ದವನ ಹಟವನ್ನು ಹೊಗಳುವುದು ಸುಲಭ, ಅದೇ ಹಟದಲ್ಲಿ ಮುಳುಗಿ ಹೋದವರು ಏನನ್ನೂ ಬರೆದಿಟ್ಟಿಲ್ಲ.

ಹಲಗೆ ಮತ್ತು ಗಂಟು

‘ಒಂಟಿ ಉಳಿ’ ಅವರಿಗೆ ಒಂದು ಪ್ರಶ್ನೆ. ಮೇಲ್ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಹೇಗೆ ಬಿಗಿದಿದ್ದಿರಿ?

ಒಂಟಿ ಉಳಿ

ಹೇಳಲು ಸಂಕೋಚವಾಗುತ್ತದೆ. ಅಂಟು ಹಚ್ಚಿ, ಅದರ ಮೇಲೆ ಸ್ಕ್ರೂ ಹಾಕಿ ಬಿಗಿದುಬಿಟ್ಟೆ. ಸಾಮಾನ್ಯವಾಗಿ ಹಾಗೆ ಮಾಡುವವನಲ್ಲ. ಆ ವಾರ ನಿದ್ದೆ ಸರಿಯಿರಲಿಲ್ಲ, ಕೆಲಸ ಮುಗಿದರೆ ಸಾಕು ಎಂಬ ಅವಸರವಿತ್ತು.

ಹಲಗೆ ಮತ್ತು ಗಂಟು

ಹಾಗಿದ್ದರೆ ಬಿರುಕಿನ ಕಾರಣ ಸಿಕ್ಕಂತಾಯಿತು. ತಮಗೆ ತಿಳಿಯದ ವಿಷಯವಲ್ಲ, ಓದುತ್ತಿರುವ ಹೊಸಬರಿಗಾಗಿ ಬರೆಯುತ್ತೇನೆ. ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಗಾಳಿ ಒಣಗಿದಾಗ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಈ ಚಲನೆ ಇಲ್ಲವೆನ್ನುವಷ್ಟು ಕಡಿಮೆ, ಇರುವುದೆಲ್ಲ ಅಡ್ಡಗಲಕ್ಕೆ. ಅದರಲ್ಲಿಯೂ ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಸುಮಾರು ಎರಡು ಪಟ್ಟು. ಅಗಲವಾದ ಮೇಲ್ಹಲಗೆ ಒಂದು ಋತುವಿನಿಂದ ಇನ್ನೊಂದಕ್ಕೆ ಹಲವು ಮಿಲಿಮೀಟರ್ ಸರಿಯಬಲ್ಲದು. ಸರಿಯಲು ಬಿಡದೆ ಬಿಗಿದರೆ ಅದು ತನ್ನನ್ನು ತಾನೇ ಸೀಳಿಕೊಳ್ಳುತ್ತದೆ. ಆದ್ದರಿಂದಲೇ ಸ್ಕ್ರೂವಿನ ತೂತನ್ನು ಅಡ್ಡಗಲಕ್ಕೆ ಉದ್ದವಾಗಿ ಕೊರೆದು ಆಡಲು ಜಾಗ ಬಿಡುವುದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಇದು ಅಜ್ಞಾನದಿಂದ ಆದ ತಪ್ಪಲ್ಲ. ಅಂಟಿನ ಡಬ್ಬಿ ಕೈಗೆತ್ತಿಕೊಂಡಾಗ ‘ಯಾಕೆ ಅಂಟು ಹಾಕುತ್ತಿದ್ದೀರಿ?’ ಎಂದು ಕೇಳುವವರು ಪಕ್ಕದಲ್ಲಿ ಇದ್ದಿದ್ದರೆ ತಾವೇ ಕೈ ತಡೆಯುತ್ತಿದ್ದಿರಿ. ಕೇಳುವವರು ನುರಿತವರೇ ಆಗಬೇಕಿರಲಿಲ್ಲ, ಕಲಿಯಲು ಬಂದ ಹುಡುಗನಾದರೂ ಸಾಕಿತ್ತು.

ಒಂಟಿ ಉಳಿ

ಈ ಮಾತನ್ನು ಮೂರು ಸಲ ಓದಿದೆ. ಒಂಟಿತನವೆಂದರೆ ಮಾತಿಗೆ ಜನರಿಲ್ಲದಿರುವುದು ಎಂದು ಇಷ್ಟು ದಿನ ತಿಳಿದುಕೊಂಡಿದ್ದೆ.

ಹಳೆಯ ಗಡಿಯಾರ

ನಾನು ಗಡಿಯಾರಗಳ ರಿಪೇರಿ ಮಾಡುವವನು, ಆದ್ದರಿಂದ ಉದಾಹರಣೆಯೂ ನನ್ನ ಕ್ಷೇತ್ರದ್ದೇ. ಸಮುದ್ರದ ಮೇಲೆ ರೇಖಾಂಶ ತಿಳಿಯಲು ಬೇಕಾದ ನಿಖರ ಗಡಿಯಾರವನ್ನು ಮಾಡಿದ ಜಾನ್ ಹ್ಯಾರಿಸನ್ (1693–1776) ಮೂಲತಃ ಬಡಗಿ. ಮೊದಲನೆಯ ಸಮುದ್ರ ಗಡಿಯಾರವನ್ನು 1735ರ ಹೊತ್ತಿಗೆ ಮುಗಿಸಿದ, ಎರಡನೆಯದರಲ್ಲಿ ದೋಷ ಕಂಡು ತಾನೇ ಕೈಬಿಟ್ಟ, ಮೂರನೆಯದರ ಮೇಲೆ 19 ವರ್ಷ ದುಡಿದ. ಆ ಮೂರನೆಯದು ಕೊನೆಗೂ ಅವನು ಬಯಸಿದಷ್ಟು ನಿಖರವಾಗಲಿಲ್ಲ. ಹತ್ತೊಂಬತ್ತು ವರ್ಷ! ಆದರೆ ಅದೇ ಗಡಿಯಾರಕ್ಕಾಗಿ ಅವನು ಎರಡು ಲೋಹಗಳನ್ನು ಜೋಡಿಸಿದ ಪಟ್ಟಿಯನ್ನೂ, ಪಂಜರದೊಳಗೆ ಉರುಳುವ ಬೇರಿಂಗನ್ನೂ ರೂಪಿಸಿದ. ಬಿಸಿಯಾದಾಗ ಬಾಗುವ ಅಂಥ ಪಟ್ಟಿ ಇಂದಿಗೂ ಉಷ್ಣತೆ ನಿಯಂತ್ರಿಸುವ ಸಾಧನಗಳಲ್ಲಿ ಕೆಲಸ ಮಾಡುತ್ತಿದೆ, ಅಂಥ ಬೇರಿಂಗು ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿದೆ. ಸೋತ ಕೆಲಸದ ಒಳಗೆ ಏನೇನು ಉಳಿದಿರುತ್ತದೆ ಎಂಬುದು ಸೋತ ದಿನ ಕಾಣುವುದಿಲ್ಲ.

ನೇರ ಮಾತು

ನಾನು ಹೇಳಿದ್ದೂ ಇದನ್ನೇ. ಹ್ಯಾರಿಸನ್ ಒಬ್ಬನೇ ಹಲ್ಲುಕಚ್ಚಿ ಕುಳಿತ, ಮಾಡಿ ತೋರಿಸಿದ.

ಹಳೆಯ ಗಡಿಯಾರ

ಕ್ಷಮಿಸಿ, ಒಬ್ಬನೇ ಅಲ್ಲ. ಆರಂಭದ ವರ್ಷಗಳಲ್ಲಿ ಅವನ ತಮ್ಮ ಜೇಮ್ಸ್ ಜೊತೆಯಲ್ಲಿ ದುಡಿದಿದ್ದಾನೆ. ಆಗಿನ ಹೆಸರಾಂತ ಗಡಿಯಾರ ತಯಾರಕ ಜಾರ್ಜ್ ಗ್ರಹಾಂ ಅವನ ವಿಚಾರಗಳನ್ನು ತಾಳ್ಮೆಯಿಂದ ಕೇಳಿ, ಸಾಲವನ್ನೂ ಕೊಟ್ಟು ಬೆನ್ನಿಗೆ ನಿಂತ. ಗ್ರಹಾಂ ಕೂಡ ಅದೇ ವೃತ್ತಿಯವನು, ಪ್ರತಿಸ್ಪರ್ಧಿ ಎಂದು ದೂರವಿಡಬಹುದಿತ್ತು. 1761ರಲ್ಲಿ ನಾಲ್ಕನೆಯ ಗಡಿಯಾರವನ್ನು ಪರೀಕ್ಷೆಗಾಗಿ ಹಡಗಿನಲ್ಲಿ ಕೊಂಡೊಯ್ದವನು ಮಗ ವಿಲಿಯಂ. ಒಂಟಿಯಾಗಿ ದುಡಿದವನೆಂದು ನಾವು ಕೊಂಡಾಡುವ ಮನುಷ್ಯನ ಹಿಂದೆ, ಅವನ ಕೆಲಸದ ಭಾಷೆ ತಿಳಿದ ಮೂವರಾದರೂ ಇದ್ದರು.

ನೇರ ಮಾತು

ಗ್ರಹಾಂ ವಿಷಯ ನನಗೆ ಗೊತ್ತಿರಲಿಲ್ಲ, ತಿದ್ದಿದ್ದಕ್ಕೆ ಧನ್ಯವಾದ. ಆದರೂ ಕೈ ಓಡುವ ಹೊತ್ತಿನಲ್ಲಿ ಏಕಾಂತ ಬೇಕೇ ಬೇಕು ಎಂಬ ನನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ಪಕ್ಕದ ಕೋಣೆ

ನಾನು ಕುಶಲಕರ್ಮಿಯಲ್ಲ. ನಮ್ಮ ಯಜಮಾನರು ಬೆಳ್ಳಿ ಕೆಲಸ ಮಾಡುತ್ತಾರೆ, ಅವರ ಕೋಣೆಯ ಪಕ್ಕದಲ್ಲಿ ನಾನು ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ‘ಇನ್ನೊಂದು ಹಲಗೆ ಹಾಕಿದರಾಯಿತು’ ಎಂಬ ಮಾತನ್ನು ಓದಿದಾಗ ನನ್ನ ಮಾತನ್ನೇ ಯಾರೋ ತಂದು ಎದುರಿಗಿಟ್ಟಂತಾಯಿತು.

ಒಮ್ಮೆ ಅವರು ಸಣ್ಣ ಎಲೆಗಳನ್ನು ಒಂದೊಂದಾಗಿ ಬೆಸೆದು ಒಂದು ಬಳ್ಳಿಯನ್ನು ಮಾಡುತ್ತಿದ್ದರು. ಬೆಸುಗೆ ಕರಗಬೇಕು, ಎಲೆ ಕರಗಬಾರದು, ಎರಡರ ನಡುವಿನ ಅಂತರ ಕಣ್ಣು ಮಿಟುಕಿಸುವಷ್ಟೇ. ಕೊನೆಯ ಎಲೆಯ ಹೊತ್ತಿಗೆ ಜ್ವಾಲೆ ಒಂದು ಕ್ಷಣ ಹೆಚ್ಚು ನಿಂತಿತು, ಮೂರು ಎಲೆಗಳು ಮುದುಡಿ ಒಂದೇ ಗುಂಡಾದವು. ಅವರು ಹೊರಗೆ ಬಂದು ಸುಮ್ಮನೆ ಕುಳಿತರು. ನಾನು ಎಂದಿನಂತೆ ‘ಹೋಗಲಿ ಬಿಡಿ, ನಾಳೆ ಮಾಡಿದರಾಯಿತು’ ಎಂದೆ. ಆ ರಾತ್ರಿ ಅವರು ಒಂದು ಮಾತನ್ನೂ ಆಡಲಿಲ್ಲ. ಮರುದಿನ ಏಕೆ ಹಾಗೆ ಅನ್ನಿಸಿತೋ ತಿಳಿಯದು, ಕೋಣೆಗೆ ಹೋಗಿ ‘ಎಲ್ಲಿ ಕೆಟ್ಟಿತು, ತೋರಿಸಿ’ ಎಂದು ಕೇಳಿದೆ. ಒಂದು ಗಂಟೆ ಮಾತಾಡಿದರು. ಜ್ವಾಲೆಯ ಬಣ್ಣ, ಬೆಸುಗೆ ಮಿನುಗಿ ಹರಿಯುವ ಕ್ಷಣ, ಎಡಗೈಯ ಚಿಮುಟ ಎಲ್ಲಿ ಜಾರಿತು ಎಂಬುದು. ನನಗೆ ಅರ್ಧವೂ ಅರ್ಥವಾಗಲಿಲ್ಲ. ಆದರೆ ಮಾತು ಮುಗಿಯುವ ಹೊತ್ತಿಗೆ ಅವರ ಕೈ ಚಿಮುಟವನ್ನು ಹಿಡಿದಿತ್ತು.

ಮನೆಯವರ ಪರವಾಗಿಯೂ ಒಂದು ಮಾತು ಸೇರಿಸುತ್ತೇನೆ. ಸಮಾಧಾನ ಹೇಳುವುದು ನಮ್ಮ ಕರ್ತವ್ಯ ಎಂದುಕೊಂಡು ನಾವು ಆ ಮಾತನ್ನು ಆಡುತ್ತೇವೆ. ಏನು ಕೇಳಬೇಕೆಂಬುದು ನಮಗೆ ತಿಳಿದಿರುವುದಿಲ್ಲ. ತಾವೇ ಕರೆದು ತೋರಿಸಿದರೆ ಖಂಡಿತ ಬಂದು ನೋಡುತ್ತೇವೆ.

ರಟ್ಟು ಮತ್ತು ದಾರ

ಕಣ್ಣು ತುಂಬಿತು ತಾಯಿ.

ಚರ್ಮದ ಕೆಲಸ

ನಾನು ಕಂಡುಕೊಂಡಿರುವ ದಾರಿ ಹೀಗಿದೆ. ಬೇರೊಂದು ಊರಿನಲ್ಲಿ ಚರ್ಮದ ಕೆಲಸ ಮಾಡುವ ಸ್ನೇಹಿತರೊಬ್ಬರಿದ್ದಾರೆ. ಬೆಳಿಗ್ಗೆ ಎರಡು ಗಂಟೆ ಕಾಲ ಇಬ್ಬರೂ ವಿಡಿಯೋ ಕರೆಯನ್ನು ತೆರೆದಿಟ್ಟು ನಮ್ಮ ನಮ್ಮ ಹೊಲಿಗೆ ಮಾಡಿಕೊಳ್ಳುತ್ತೇವೆ. ಮಾತು ಇರುವುದಿಲ್ಲ. ಕಳೆದ ವರ್ಷ ಹೆಬ್ಬೆರಳಿಗೆ ಅಲಗು ತಗುಲಿ ಆರು ವಾರ ಕೆಲಸ ನಿಂತಾಗಲೂ ನಾನು ಆ ಹೊತ್ತಿಗೆ ಕುಳಿತು ಅವರು ಹೊಲಿಯುವುದನ್ನು ನೋಡುತ್ತಿದ್ದೆ. ಆ ಎರಡು ಗಂಟೆ ಇಲ್ಲದಿದ್ದರೆ ಮತ್ತೆ ಸೂಜಿ ಹಿಡಿಯುತ್ತಿದ್ದೆನೋ ಇಲ್ಲವೋ.

ರಟ್ಟು ಮತ್ತು ದಾರ

ಇದು ನನಗೆ ಒಗ್ಗಲಿಲ್ಲ. ನಾನು ಪುಸ್ತಕ ಕಟ್ಟುವವನು. ಹಾಳೆ ಮಡಚುವಾಗ, ಹೊಲಿಗೆ ಹಾಕುವಾಗ ಯಾರಿದ್ದರೂ ಸಂತೋಷವೇ. ಆದರೆ ಪುಸ್ತಕದ ಬೆನ್ನಿನ ಮೇಲೆ ಬಿಸಿ ಅಚ್ಚಿನಿಂದ ಅಕ್ಷರ ಒತ್ತುವಾಗ ಒಬ್ಬರು ನೋಡುತ್ತಿದ್ದಾರೆಂದು ತಿಳಿದರೂ ಕೈ ನಡುಗುತ್ತದೆ. ಹೀಗೆ ಎರಡು ಪುಸ್ತಕಗಳನ್ನು ಕೆಡಿಸಿದ್ದೇನೆ.

ಆಪ್ತಸಮಾಲೋಚಕಿ

ಈ ವ್ಯತ್ಯಾಸಕ್ಕೆ ಮನೋವಿಜ್ಞಾನದಲ್ಲಿ ಒಂದು ವಿವರಣೆಯಿದೆ. ರಾಬರ್ಟ್ ಝಾಯೊಂಕ್ ಎಂಬ ಸಂಶೋಧಕರು 1965ರಲ್ಲಿ ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಚೆನ್ನಾಗಿ ರೂಢಿಯಾದ ಕೆಲಸವು ಇತರರ ಸಮ್ಮುಖದಲ್ಲಿ ಸಲೀಸಾಗುತ್ತದೆ, ಇನ್ನೂ ಕೈಗೆ ಹತ್ತದ ಕೆಲಸವು ಕೆಡುತ್ತದೆ ಎಂದು ವಾದಿಸಿದರು. ಇಬ್ಬರ ಅನುಭವವೂ ನಿಜ. ಹೊಲಿಗೆಗೆ ಜೊತೆಯಿರಲಿ, ಅಕ್ಷರ ಒತ್ತುವಾಗ ಬಾಗಿಲು ಹಾಕಿಕೊಳ್ಳಿ. ‘ನೇರ ಮಾತು’ ಅವರು ಏಕಾಂತ ಬೇಕೇ ಬೇಕು ಎಂದದ್ದರಲ್ಲಿಯೂ ಇಷ್ಟು ಸತ್ಯವಿದೆ.

ಮೂಲ ಪ್ರಶ್ನೆಗೆ ಸಂಬಂಧಿಸಿ ಇನ್ನೊಂದನ್ನು ಹೇಳಬೇಕು. ಒಂಟಿಯಾಗಿರುವುದು ಬೇರೆ, ಒಂಟಿತನ ಬೇರೆ. ಒಂಟಿತನದ ಬಗ್ಗೆ ದೀರ್ಘಕಾಲ ಅಧ್ಯಯನ ಮಾಡಿದ ಜಾನ್ ಕಸಿಯೊಪ್ಪೊ ಅದನ್ನು ಹಸಿವು, ಬಾಯಾರಿಕೆಗಳಂತೆ ದೇಹ ಕೊಡುವ ಎಚ್ಚರಿಕೆ ಎಂದು ವಿವರಿಸಿದರು. ಹಸಿದವರನ್ನು ಯಾರೂ ದುರ್ಬಲರು ಎನ್ನುವುದಿಲ್ಲ, ಇದೂ ಹಾಗೆಯೇ. ತೊಡಕೆಂದರೆ, ಒಂಟಿತನ ಬಹಳ ಕಾಲ ಉಳಿದಾಗ ಮನಸ್ಸು ಇತರರ ಮಾತಿನಲ್ಲಿ ತಿರಸ್ಕಾರವನ್ನೇ ಹುಡುಕತೊಡಗುತ್ತದೆ, ಜನ ಬೇಕೆನಿಸಿದಾಗಲೇ ಜನರಿಂದ ದೂರ ಸರಿಯುವಂತೆ ಮಾಡುತ್ತದೆ. ಆ ಒಂಬತ್ತು ದಿನಗಳನ್ನು ನಾನು ಹೀಗೆ ಅರ್ಥಮಾಡಿಕೊಳ್ಳುತ್ತೇನೆ.

ನಿದ್ದೆ ಸರಿಯಿರಲಿಲ್ಲ ಎಂದು ಬರೆದಿದ್ದೀರಿ. ಎರಡು ವಾರಗಳಿಗೂ ಮೀರಿ ಹೆಚ್ಚುಕಡಿಮೆ ಪ್ರತಿದಿನ ಮನಸ್ಸು ಕುಗ್ಗಿದ್ದು, ಇಷ್ಟದ ಕೆಲಸದಲ್ಲಿಯೂ ಆಸಕ್ತಿ ಹೋಗಿದ್ದು, ನಿದ್ದೆ ಹಸಿವುಗಳೂ ಕೆಟ್ಟಿದ್ದರೆ ಅದನ್ನು ಕೆಲಸದ ಬೇಸರವೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರೆ ಅದೇ ದಿನ ಯಾರಿಗಾದರೂ ಹೇಳಬೇಕು, ಮರುದಿನಕ್ಕೆ ಬಿಡಬಾರದು.

ಒಂಟಿ ಉಳಿ

ಅಷ್ಟು ದೂರ ಹೋಗಿಲ್ಲ. ನಿದ್ದೆ ಮಾತ್ರ ಕೆಟ್ಟಿದೆ. ಕೇಳಿದ್ದಕ್ಕೆ ಕೃತಜ್ಞನಾಗಿದ್ದೇನೆ, ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

ಹಸಿಮಣ್ಣು

ಬರೆಯುತ್ತೇನೆಂದು ಬೆಳಿಗ್ಗೆ ಹೇಳಿದ್ದ ಕಥೆ ಇದು. ಒಂದು ದೊಡ್ಡ ಸುಡುವಿಕೆಯ ನಂತರ ಆವಿಗೆಯ ಹೊಗೆಗಂಡಿಯನ್ನು ಮುಚ್ಚಲು ಮರೆತೆ. ತಣ್ಣನೆಯ ಗಾಳಿ ರಾತ್ರಿಯೆಲ್ಲ ಒಳಗೆ ಎಳೆದುಕೊಂಡಿದೆ. ಮಣ್ಣಿನಲ್ಲಿರುವ ಸ್ಫಟಿಕಶಿಲೆಯ ಕಣಗಳು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಮ್ಮ ರಚನೆಯನ್ನು ಬದಲಿಸುತ್ತವೆ. ತಣಿಯುವಾಗ ಆ ಘಟ್ಟದಲ್ಲಿ ಅವು ಥಟ್ಟನೆ ಕುಗ್ಗುತ್ತವೆ, ಪಾತ್ರೆಯ ಒಂದು ಭಾಗ ಮೊದಲು, ಇನ್ನೊಂದು ಭಾಗ ನಂತರ ಆ ಘಟ್ಟವನ್ನು ದಾಟಿದರೆ ಒಡಕು ಖಚಿತ. ಬಾಗಿಲು ತೆಗೆದಾಗ ಎಲ್ಲವೂ ಕಣ್ಣಿಗೆ ಚೆನ್ನಾಗಿಯೇ ಇದ್ದವು. ಬಟ್ಟಲನ್ನು ಅಂಗೈಯಲ್ಲಿಟ್ಟು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಬಟ್ಟಲು ‘ಠಣ್’ ಎನ್ನುತ್ತದೆ, ಒಡಕಿನದು ‘ಠಪ್’ ಎಂದು ಸುಮ್ಮನಾಗುತ್ತದೆ. ಇನ್ನೂ ಬೆಚ್ಚಗಿದ್ದ ಬಟ್ಟಲುಗಳನ್ನು ಒಂದೊಂದಾಗಿ ತಟ್ಟಿದೆ. ನಲವತ್ತೆರಡು ಬಟ್ಟಲುಗಳಲ್ಲಿ ಮೂವತ್ತೈದು ‘ಠಪ್’ ಎಂದವು.

ಎರಡು ತಿಂಗಳ ನಂತರ ಒಬ್ಬ ಹಿರಿಯ ಕುಂಬಾರರಿಗೆ ಆ ದಿನದ ಉಷ್ಣತೆಯ ಲೆಕ್ಕವನ್ನು, ಒಂದೊಂದು ಗಂಟೆಯದನ್ನೂ ಬಿಡದೆ ಬರೆದು ಕಳಿಸಿದೆ. ಅವರು ಸಮಾಧಾನ ಹೇಳಲಿಲ್ಲ. ‘ಹೊಗೆಗಂಡಿ?’ ಎಂದು ಒಂದೇ ಪದ ಬರೆದರು. ನನಗೆ ಅಳು ಬಂತು, ಜೊತೆಗೆ ಎದೆಯ ಭಾರವೂ ಇಳಿಯಿತು. ಅಂದಿನಿಂದ ನಾವಿಬ್ಬರೂ ಕೆಟ್ಟ ಸುಡುವಿಕೆಗಳ ಪುಟಗಳನ್ನು ಮಾತ್ರ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತೇವೆ. ಚೆನ್ನಾಗಿ ಬಂದದ್ದನ್ನು ಮೆಚ್ಚಲು ಬೇಕಾದಷ್ಟು ಜನ ಸಿಗುತ್ತಾರೆ, ಕೆಟ್ಟದ್ದನ್ನು ಓದಬಲ್ಲ ಒಬ್ಬರು ಸಿಗುವುದು ಕಷ್ಟ. ಅಂಥವರೊಬ್ಬರನ್ನು ಹುಡುಕಿಕೊಳ್ಳಿ ಎಂಬುದೇ ನನ್ನ ಉತ್ತರ.

ಹಾಸುಹೊಕ್ಕು

ಹುಡುಕಿದರೂ ಸಿಗದವರು ಏನು ಮಾಡಬೇಕು? ನಾನು ಮಾಡುವ ನೇಯ್ಗೆಯನ್ನು ಬಲ್ಲವರು ನನ್ನ ಸುತ್ತ ಯಾರೂ ಉಳಿದಿಲ್ಲ. ಆದ್ದರಿಂದ ಮಗ್ಗದ ಪಕ್ಕದಲ್ಲಿ ಒಂದು ನೋಟು ಪುಸ್ತಕವಿಟ್ಟು, ಹಾಸಿನ ಎಳೆ ತಪ್ಪಿದ ದಿನ ಎಲ್ಲಿ ತಪ್ಪಿತು, ಆಗ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಬರೆಯುತ್ತೇನೆ. ಹೀಗೆ ಬರೆಯುವುದರಿಂದ ನಿಜವಾಗಿ ಉಪಯೋಗವಿದೆಯೇ, ಅಥವಾ ನನಗೆ ನಾನೇ ಹೇಳಿಕೊಳ್ಳುತ್ತಿರುವ ಸಮಾಧಾನವೇ?

ಆಪ್ತಸಮಾಲೋಚಕಿ

ಉಪಯೋಗವಿದೆ, ಆದರೆ ಹೆಚ್ಚು ನಿರೀಕ್ಷಿಸಬೇಡಿ. 1986ರಲ್ಲಿ ಪ್ರಕಟವಾದ ಜೇಮ್ಸ್ ಪೆನ್ನೆಬೇಕರ್ ಅವರ ಪ್ರಯೋಗದಲ್ಲಿ, ಮನಸ್ಸಿಗೆ ಆಘಾತವಾದ ಸಂಗತಿಯ ಬಗ್ಗೆ ನಾಲ್ಕು ದಿನ ದಿನಕ್ಕೆ 15 ನಿಮಿಷ ಬರೆದ ವಿದ್ಯಾರ್ಥಿಗಳಲ್ಲಿ, ನಡೆದ ಘಟನೆಯನ್ನೂ ಅದರ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಕಡಿಮೆ. ನಂತರ ನಡೆದ ಅನೇಕ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸರಾಸರಿ ಲಾಭ ಸಣ್ಣದೆಂದೇ ಕಂಡಿದೆ. ತಾವು ಎರಡನ್ನೂ ಸೇರಿಸಿಯೇ ಬರೆಯುತ್ತಿದ್ದೀರಿ, ಬಿಡಬೇಡಿ.

ಹಸಿಮಣ್ಣು

‘ಹಾಸುಹೊಕ್ಕು’ ಅವರೇ, ಅದೇ ನೇಯ್ಗೆ ಬಲ್ಲವರೇ ಆಗಬೇಕೆಂದಿಲ್ಲ. ಬೆಳ್ಳಿಯ ಎಲೆಯ ಕಥೆಯನ್ನು ಮತ್ತೊಮ್ಮೆ ಓದಿ. ತಮ್ಮ ಪುಸ್ತಕದ ಒಂದು ಪುಟವನ್ನು ನನಗೆ ಕಳಿಸಿ. ನನಗೆ ಮಗ್ಗ ಗೊತ್ತಿಲ್ಲ, ಆದ್ದರಿಂದ ಪ್ರಶ್ನೆಗಳನ್ನು ಬಹಳ ಕೇಳುತ್ತೇನೆ.

ಹಾಸುಹೊಕ್ಕು

ಕಳಿಸುತ್ತೇನೆ. ಅಕ್ಷರ ಚೆನ್ನಾಗಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಹಲಗೆ ಮತ್ತು ಗಂಟು

ಮೇಜಿನ ವಿಷಯಕ್ಕೆ ಮರಳೋಣ, ಏಕೆಂದರೆ ಅದು ಇನ್ನೂ ಬಿರುಕು ಬಿಟ್ಟುಕೊಂಡೇ ನಿಂತಿದೆ. ಹಲಗೆಯನ್ನು ಎಸೆಯಬೇಡಿ. ಅಮೆರಿಕದ ಮರಗೆಲಸಗಾರ ಜಾರ್ಜ್ ನಕಾಶಿಮಾ ಬಿರುಕಿದ್ದ ಹಲಗೆಗಳನ್ನೇ ಆರಿಸಿಕೊಂಡು, ಬಿರುಕಿಗೆ ಅಡ್ಡಲಾಗಿ ಚಿಟ್ಟೆಯ ಆಕಾರದ ಮರದ ತುಂಡನ್ನು ಎಲ್ಲರಿಗೂ ಕಾಣುವಂತೆ ಕೂರಿಸುತ್ತಿದ್ದರು. ಯುದ್ಧಕಾಲದಲ್ಲಿ, 1942ರಲ್ಲಿ, ಜಪಾನಿ ಮೂಲದವರೆಂಬ ಕಾರಣಕ್ಕೆ ಅವರನ್ನು ಕುಟುಂಬ ಸಮೇತ ಶಿಬಿರವೊಂದರಲ್ಲಿ ಕೂಡಿಹಾಕಿದ್ದರು. ಜಪಾನಿ ಬಡಗಿತನದ ಸೂಕ್ಷ್ಮಗಳನ್ನು ಅವರು ಕಲಿತದ್ದು ಅಲ್ಲಿ, ಅವರಂತೆಯೇ ಬಂಧನದಲ್ಲಿದ್ದ ಒಬ್ಬ ನುರಿತ ಬಡಗಿಯ ಜೊತೆಯಲ್ಲಿ ಸಿಕ್ಕ ಮರದ ಚೂರುಗಳಿಂದ ಕೆಲಸ ಮಾಡುತ್ತ.

ಮಾಡಬೇಕಾದದ್ದು ಹೀಗೆ. ಮೊದಲು ಮೇಲ್ಹಲಗೆಯನ್ನು ಚೌಕಟ್ಟಿನಿಂದ ಬಿಡಿಸಿ, ಅಂಟನ್ನು ಕೆರೆದು, ಸ್ಕ್ರೂವಿನ ತೂತುಗಳನ್ನು ಉದ್ದವಾಗಿಸಿ. ಅದನ್ನು ಮಾಡದೆ ಚಿಟ್ಟೆ ಕೂರಿಸಿದರೆ ಹಲಗೆ ಇನ್ನೊಂದು ಕಡೆ ಸೀಳುತ್ತದೆ. ಚಿಟ್ಟೆಯ ನಾರು ಬಿರುಕಿಗೆ ಅಡ್ಡವಾಗಿ ಓಡಬೇಕು, ಇಲ್ಲವಾದರೆ ಅದರ ಸಣ್ಣ ನಡುವೇ ಮುರಿಯುತ್ತದೆ. ಚಿಟ್ಟೆಯನ್ನು ಮೊದಲು ಕತ್ತರಿಸಿ, ಅದನ್ನೇ ಹಲಗೆಯ ಮೇಲಿಟ್ಟು ಚೂಪಾದ ಅಲಗಿನಿಂದ ಗೆರೆ ಎಳೆದು ಗುಳಿ ತೋಡಿ.

ನೇರ ಮಾತು

ಮೇಜು ಬೇಕೆಂದು ಕೇಳಿದವರಿಗೆ ಈ ವಿಷಯ ತಿಳಿಸಿದ್ದೀರಾ? ಬಿರುಕನ್ನು ಮುಚ್ಚಿಟ್ಟು ಒಪ್ಪಿಸುವುದನ್ನು ನಾನು ಒಪ್ಪುವುದಿಲ್ಲ. ‘ಬಾಗಿಲು ಹಾಕುವುದು ಸರಿಯಲ್ಲ’ ಎಂದು ಮೊದಲು ಬರೆದದ್ದು ಒರಟಾಯಿತು, ಕ್ಷಮೆ ಕೇಳುತ್ತೇನೆ. ಆದರೆ ಈ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

ಒಂಟಿ ಉಳಿ

ಕೇಳಬೇಕಾದದ್ದನ್ನೇ ಕೇಳಿದ್ದೀರಿ. ತಿಳಿಸಿರಲಿಲ್ಲ, ‘ತಡವಾಗುತ್ತದೆ’ ಎಂದಷ್ಟೇ ಹೇಳಿದ್ದೆ. ಇವತ್ತು ಬೆಳಿಗ್ಗೆ ಬಿರುಕಿನ ಚಿತ್ರವನ್ನೇ ಕಳಿಸಿ ನಡೆದದ್ದನ್ನು ಬರೆದೆ. ಚಿಟ್ಟೆ ಕೂರಿಸಿದ್ದನ್ನು ನೋಡಿದ ಮೇಲೆ ಬೇಕೋ ಬೇಡವೋ ನಿರ್ಧರಿಸುತ್ತೇನೆ ಎಂದಿದ್ದಾರೆ, ಅದು ನ್ಯಾಯವೇ.

ನಿನ್ನೆ ಸಂಜೆ ಬಾಗಿಲು ತೆರೆದೆ. ಬಟ್ಟೆ ನಾನು ಬಿಟ್ಟ ಜಾಗದಲ್ಲಿಯೇ ಇತ್ತು, ಪಾಲಿಶ್ ಒಣಗಿ ರಟ್ಟಿನಂತಾಗಿತ್ತು. ಮನೆಯವರನ್ನು ಕರೆದು ದೀಪವನ್ನು ಅವರ ಕೈಗೆ ಕೊಟ್ಟು ಹಲಗೆಯ ಕೆಳಗೆ ಹಿಡಿಯಲು ಹೇಳಿದೆ. ಬೆಳಕು ತೂರಿ ಬಂದದ್ದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಇಷ್ಟು ಉದ್ದವೇ?’ ಎಂದರು. ಅಂಟಿನ ವಿಷಯವನ್ನು ಅವರಿಗೂ ಹೇಳಿದೆ. ಸ್ಕ್ರೂಗಳನ್ನು ಬಿಚ್ಚುವಾಗ ಅವರೇ ದೀಪ ಹಿಡಿದಿದ್ದರು.

ಒಂದು ಅನುಮಾನ ಉಳಿದಿದೆ. ಚಿಟ್ಟೆ ಹಲಗೆಯ ದಪ್ಪದಲ್ಲಿ ಎಷ್ಟು ಆಳಕ್ಕೆ ಇಳಿಯಬೇಕು, ಬಿರುಕು ನಿಲ್ಲುವ ತುದಿಯಿಂದ ಎಷ್ಟು ಹಿಂದೆ ಕೂರಬೇಕು?

ಹಲಗೆ ಮತ್ತು ಗಂಟು

ಆಳ ದಪ್ಪದ ಅರ್ಧದಷ್ಟಿದ್ದರೆ ನಾನು ತೃಪ್ತನಾಗುತ್ತೇನೆ. ಜಾಗವನ್ನು ಬಿರುಕು ನೋಡದೆ ಹೇಳಲಾರೆ. ಶನಿವಾರ ಸಂಜೆ ಆರು ಗಂಟೆಗೆ ಕರೆ ಮಾಡುತ್ತೇನೆ, ಹಲಗೆಯ ಅಡಿಭಾಗ ಕಾಣುವಂತೆ ಫೋನನ್ನು ಇಟ್ಟುಕೊಂಡಿರಿ. ಅಲ್ಲಿಯವರೆಗೆ ಗುಳಿ ತೋಡಬೇಡಿ.

ಒಂಟಿ ಉಳಿ

ತೋಡುವುದಿಲ್ಲ. ಉಳಿಗಳನ್ನು ಮಸೆದು ಇಟ್ಟಿರುತ್ತೇನೆ.